ಎಡ ದವಡೆಯ ಬಿಳಿ ಗೆರೆ

ಮುನಿಲಕ್ಷ್ಮಿ ಕೋಂ ಗೋಪಿ, ವಯಸ್ಸು 36 ವರ್ಷ, ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ, ವಾಸ ಮಾಸ್ತಿ ಗ್ರಾಮ ಮತ್ತು ಹೋಬಳಿ, ಮಾಲೂರು ತಾಲ್ಲೂಕು, ಕೋಲಾರ ಜಿಲ್ಲೆ.

ದಿನಾಂಕ 21-06-2024ರ ಶುಕ್ರವಾರ ಬೆಳಿಗ್ಗೆ 11.15 ಗಂಟೆಗೆ ತಾವು ನನ್ನನ್ನು ಮಾಲೂರು ಪೊಲೀಸ್ ಠಾಣೆಗೆ ಕರೆಸಿ, ಹಲ್ಲಿನ ಡಾಕ್ಟರ್ ಚಂದ್ರಮೋಹನ್ ಅವರು ನನ್ನ ಮೇಲೆ ಕೊಟ್ಟಿರುವ ದೂರನ್ನು ಓದಿ ಹೇಳಿ, ನಡೆದದ್ದೇನೆಂದು ಕೇಳಿದ್ದಕ್ಕೆ ನಾನು ಹೇಳಿ ಬರೆಸುತ್ತಿರುವುದು ಏನೆಂದರೆ,

ನಾನು ನಿನ್ನೆ ಅವರ ಕ್ಲಿನಿಕ್ಕಿನಿಂದ ಎಕ್ಸ್-ರೇ ಫಿಲಂ ಇದ್ದ ಕವರನ್ನು ತೆಗೆದುಕೊಂಡು ಬಂದದ್ದು ನಿಜ. ಕದ್ದೆ ಎಂಬುದು ಸುಳ್ಳು. ಕವರಿನ ಮೇಲೆ ನನ್ನ ಹೆಸರಿದೆ. ಒಳಗಿರುವುದು ನನ್ನ ದವಡೆಯ ಚಿತ್ರ. ಕ್ಲಿನಿಕ್ಕಿನ ಸಿಬ್ಬಂದಿ ಚಂದ್ರಕಲಾ ಅವರನ್ನು ನಾನು ತಳ್ಳಿದೆ ಎಂಬುದೂ ಸುಳ್ಳು. ಇದು ನಿನ್ನೆ ಶುರುವಾದ ವಿಷಯವಲ್ಲವಾದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನನ್ನ ಗಂಡ ಗೋಪಿ ಸರಕು ಸಾಗಿಸುವ ಆಟೋ ಓಡಿಸುತ್ತಾರೆ. ಮನೆಯಲ್ಲಿ ಅತ್ತೆ ದೊಡ್ಡವೆಂಕಟಮ್ಮ ಇದ್ದಾರೆ. ನಾನು ದಿನಾ ಬೆಳಿಗ್ಗೆ 6ರಿಂದ 8 ಮತ್ತು ಸಂಜೆ 5ರಿಂದ 7ರವರೆಗೆ ಸಂಘದಲ್ಲಿ ಹಾಲಿನ ಡಿಗ್ರಿ ಮತ್ತು ಜಿಡ್ಡು ನೋಡುತ್ತೇನೆ. ಹದಿನೊಂದು ವರ್ಷದಿಂದ ಮಾಡುತ್ತಿದ್ದೇನೆ.

ಜನವರಿ ಕೊನೆಯಿಂದ ನನಗೆ ಕೆಳಗಿನ ಎಡಗಡೆಯ ಕೊನೆಯ ಹಲ್ಲು ನೋಯುತ್ತಿತ್ತು. ದಿನಾಂಕ 12-02-2024ರ ಸೋಮವಾರ ಒಬ್ಬಳೇ ಬಸ್ಸಿನಲ್ಲಿ ಮಾಲೂರಿಗೆ ಬಂದು, ಬಸ್ ನಿಲ್ದಾಣದಿಂದ ಸುಮಾರು 300 ಮೀಟರ್ ದೂರದಲ್ಲಿರುವ ಡಾಕ್ಟರ್ ಚಂದ್ರಮೋಹನ್ ಅವರ ಕ್ಲಿನಿಕ್ಕಿಗೆ 11 ಗಂಟೆಗೆ ಹೋದೆ. ಅವರು ನೋಡಿ, ಬುದ್ಧಿಹಲ್ಲು ಓರೆಯಾಗಿ ಬೆಳೆದಿದೆ, ಕೀಳಬೇಕು ಎಂದರು. 11.20ಕ್ಕೆ ಕುರ್ಚಿಯಲ್ಲಿ ಮಲಗಿಸಿದರು. ಚಂದ್ರಕಲಾ ಅವರು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮರಗಟ್ಟಿಸಲು ಒಂದು ಸೂಜಿ ಹಾಕಿದರು, ಮರಗಟ್ಟಲಿಲ್ಲ. ಐದು ನಿಮಿಷ ಬಿಟ್ಟು ಇನ್ನೊಂದು ಹಾಕಿದರು. ಮೂರನೆಯದನ್ನು ಬಾಯಿಯ ಒಳಗೆ ತುಂಬ ಹಿಂದಕ್ಕೆ ಚುಚ್ಚಿದಾಗ ಚಟ್ ಎಂದು ಸಣ್ಣ ಶಬ್ದವಾಯಿತು. ಶಬ್ದ ಕಿವಿಯ ಒಳಗಿನಿಂದ ಬಂದ ಹಾಗೆ ಕೇಳಿಸಿತು. ಡಾಕ್ಟರ್ ಸಿರಿಂಜನ್ನು ಹೊರಗೆ ತೆಗೆದು ಅದರ ತುದಿಯನ್ನು ದೀಪಕ್ಕೆ ಹಿಡಿದು ನೋಡಿದರು. "ಅಲ್ಲಾಡ್ಬೇಡಿ ಅಂದ್ನಲ್ಲಮ್ಮ" ಎಂದರು. ನಾನು ಅಲ್ಲಾಡಿರಲಿಲ್ಲ. ಚಂದ್ರಕಲಾ ಅವರು ನನ್ನ ತಲೆಯಿಂದ ಕೈ ತೆಗೆದರು. ಇಬ್ಬರೂ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಿಮಿಷ ಕಳೆಯಿತು. ವಾಪಸ್ ಬಂದು ಹಲ್ಲು ಕಿತ್ತರು. ಏನಾಯಿತು ಎಂದು ಕೇಳಿದ್ದಕ್ಕೆ ಏನೂ ಆಗಿಲ್ಲ, ಔಷಧಿ ಮುಗಿದಿತ್ತು ಎಂದರು.

ಮೂರನೇ ದಿನದಿಂದ ನನ್ನ ಬಾಯಿ ಒಂದು ಬೆರಳಿಗಿಂತ ಹೆಚ್ಚು ತೆರೆಯಲಿಲ್ಲ. ನುಂಗುವಾಗ ಗಂಟಲ ಪಕ್ಕದಲ್ಲಿ ಚುಚ್ಚುತ್ತಿತ್ತು. ಮುದ್ದೆ ನುಂಗಲು ಆಗಲಿಲ್ಲ. ರಾಗಿ ಗಂಜಿ ಕುಡಿದುಕೊಂಡು ಇದ್ದೆ. 58 ಕೆ.ಜಿ. ಇದ್ದವಳು ಮೇ ತಿಂಗಳ ಹೊತ್ತಿಗೆ 49 ಕೆ.ಜಿ. ಆದೆ. ಸಂಘದಲ್ಲಿ ಹಾಲು ತಂದವರ ಹೆಸರು ಕೂಗಬೇಕು, ಕೂಗಲು ಬಾಯಿ ತೆರೆಯುತ್ತಿರಲಿಲ್ಲ. ಈಗೀಗ ಮುನಿಲಕ್ಷ್ಮಿ ಯಾರನ್ನೂ ಮಾತನಾಡಿಸುವುದಿಲ್ಲ, ಜಂಭ ಬಂದಿದೆ ಎಂದು ಕೆಲವರು ಹೇಳಿದ್ದು ನನ್ನ ಕಿವಿಗೆ ಬಿತ್ತು.

26-02-2024ರಂದು ಕ್ಲಿನಿಕ್ಕಿಗೆ ಹೋಗಿ ತೋರಿಸಿದೆ. ಗಾಯ ಮಾಗುತ್ತಿದೆ ಎಂದು ಮಾತ್ರೆ ಬರೆದುಕೊಟ್ಟರು. 18-03-2024ರಂದು ಮತ್ತೆ ಹೋದೆ. ಆ ದಿನ ಅವರ ಕ್ಲಿನಿಕ್ಕಿನಲ್ಲೇ ಇರುವ, ತಲೆಯ ಸುತ್ತ ತಿರುಗಿ ಎರಡೂ ದವಡೆಯನ್ನು ಒಂದೇ ಚಿತ್ರದಲ್ಲಿ ತೆಗೆಯುವ ಯಂತ್ರದಲ್ಲಿ ನಿಲ್ಲಿಸಿ ಎಕ್ಸ್-ರೇ ತೆಗೆದರು. ಫಿಲಂ ಅನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದಾಗ ನಾನು ಹಿಂದೆ ನಿಂತು ನೋಡಿದೆ. ಎಡಗಡೆ, ಹಲ್ಲು ಕಿತ್ತ ಜಾಗದಿಂದ ಮೇಲೆ, ದವಡೆ ಕಿವಿಯ ಕಡೆಗೆ ಏರುವ ಜಾಗದಲ್ಲಿ ಒಂದು ಬಿಳಿ ಗೆರೆ ಇತ್ತು. ಇದೇನು ಎಂದು ಕೇಳಿದೆ. ನನ್ನ ಮೂಗುಬೊಟ್ಟಿನ ನೆರಳು, ಒಡವೆ ತೆಗೆಯದೆ ನಿಂತರೆ ಹೀಗಾಗುತ್ತದೆ ಎಂದರು. ನಾನು ಆ ದಿನ ಮೂಗುಬೊಟ್ಟು ಹಾಕಿದ್ದೆ. ತೆಗೆಯಲು ನನಗೆ ಯಾರೂ ಹೇಳಿರಲಿಲ್ಲ. ಆದ್ದರಿಂದ ನಂಬಿದೆ.

ಆ ಮೂಗುಬೊಟ್ಟು ಮದುವೆಯಾದಾಗಿನಿಂದ, ಹದಿನಾರು ವರ್ಷದಿಂದ, ತೆಗೆದದ್ದೇ ಇಲ್ಲ. ತಿರುಪು ಕಚ್ಚಿಕೊಂಡಿತ್ತು. ಮತ್ತೊಮ್ಮೆ ಚಿತ್ರ ತೆಗೆಸಲೆಂದು ಅಕ್ಕಸಾಲಿಗರ ಹತ್ತಿರ ಹೋಗಿ ಅದನ್ನು ಕತ್ತರಿಸಿ ತೆಗೆಸಿದೆ. ಅದಕ್ಕೆ ನನ್ನ ಅತ್ತೆ ಎರಡು ದಿನ ನನ್ನ ಮುಖ ನೋಡಲಿಲ್ಲ. "ಏಮಮ್ಮಾ, ಗಂಡ ಇರೋವಾಗ ಬರೀ ಮೂಗಲ್ಲಿ ಓಡಾಡ್ತಾರಾ?" ಎಂದರು.

15-04-2024ರ ಸೋಮವಾರ ಬರೀ ಮೂಗಿನಲ್ಲೇ ಕ್ಲಿನಿಕ್ಕಿಗೆ ಹೋಗಿ, ಓಲೆ, ತಾಳಿಸರ ಎಲ್ಲವನ್ನೂ ತೆಗೆದು ಕರವಸ್ತ್ರದಲ್ಲಿ ಗಂಟು ಹಾಕಿ, ನನ್ನ ಗಂಡನ ಕೈಗೆ ಕೊಟ್ಟು ಯಂತ್ರದಲ್ಲಿ ನಿಂತೆ. ಗೆರೆ ಅದೇ ಜಾಗದಲ್ಲಿ ಬಂತು. ಡಾಕ್ಟರ್ ಅವರು ಇದು ಕೂದಲಿನ ಪಿನ್ನು ಎಂದರು. ನಾನು ಅಲ್ಲೇ ಜಡೆ ಬಿಚ್ಚಿದೆ. ಪಿನ್ನು ಇರಲಿಲ್ಲ, ಬಟ್ಟೆಯ ರಿಬ್ಬನ್ ಇತ್ತು. ಆಗ ಅವರು ಹಾಗಾದರೆ ಯಂತ್ರದ ತಟ್ಟೆಯಲ್ಲಿ ಗೀರು ಇರಬೇಕು ಎಂದರು. ಗೀರಾದರೆ ಬೇರೆಯವರ ಚಿತ್ರದಲ್ಲೂ ಬರಬೇಕಲ್ಲ ಸಾರ್, ಒಂದು ತೋರಿಸಿ ಎಂದು ಕೇಳಿದೆ. ಅದಕ್ಕೆ ಅವರು, "ನೋಡಮ್ಮ, ಹಾಲಿನ ಡಿಗ್ರಿ ನೀವು ನೋಡ್ಕೊಳ್ಳಿ, ಎಕ್ಸ್-ರೇ ನಾನು ನೋಡ್ಕೊಳ್ತೀನಿ" ಎಂದರು. ಆಮೇಲೆ ನನ್ನನ್ನು ಹೊರಗೆ ಕೂರಿಸಿ, ನನ್ನ ಗಂಡನನ್ನು ಕರೆದು, ಕೆಲವು ಹೆಂಗಸರಿಗೆ ಹಲ್ಲು ಕಿತ್ತ ಮೇಲೆ ಭಯ ಕೂತುಬಿಡುತ್ತದೆ, ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದು ಹೇಳಿದ್ದಾರೆ. ಎರಡೂ ಫಿಲಂ ಕ್ಲಿನಿಕ್ಕಿನಲ್ಲೇ ಇಟ್ಟುಕೊಂಡರು.

ವಾಪಸ್ ಬರುವಾಗ ಆಟೋದಲ್ಲಿ, ಸೂಜಿಯೇ ಮುರಿದು ಒಳಗೆ ಉಳಿದಿರಬೇಕು ಎಂದು ನಾನು ಹೇಳಿದ್ದಕ್ಕೆ ನನ್ನ ಗಂಡ, "ಅಷ್ಟು ಓದಿರೋ ಡಾಕ್ಟ್ರು ಸುಳ್ಳೇಳ್ತಾರಾ? ಸೂಜಿ ನಿನ್ ಬಾಯಲ್ಲಿಲ್ಲ ಕಣೇ, ನಿನ್ ಮನಸ್ಸಲ್ಲಿ ಕೂತೈತೆ" ಎಂದರು.   ನನ್ನ ಗಂಡ ಈಗ ಠಾಣೆಯಲ್ಲಿ ನನ್ನ ಜೊತೆಗೇ ಇದ್ದಾರೆ, ಇದನ್ನು ಅವರ ಎದುರಿಗೇ ಬರೆಸುತ್ತಿದ್ದೇನೆ, ಅವರು ಇಲ್ಲವೆನ್ನುತ್ತಿಲ್ಲ.

22-05-2024ರ ಬುಧವಾರ ಬೆಳಗಿನ ಹಾಲು ಮುಗಿಸಿ ಒಬ್ಬಳೇ ಕೋಲಾರಕ್ಕೆ ಹೋಗಿ ಅಲ್ಲಿನ ಒಂದು ಆಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ತೋರಿಸಿದೆ. ಅಲ್ಲಿನ ಡಾಕ್ಟರಮ್ಮ ಎಕ್ಸ್-ರೇಗೆ ಚೀಟಿ ಬರೆದರು. ಎಕ್ಸ್-ರೇ ತೆಗೆಯುವವರ ಹೆಸರು ಶ್ಯಾಮಲಮ್ಮ, ಸುಮಾರು ಐವತ್ತು ವರ್ಷದವರು. ಅವರು ಮೊದಲು ನನ್ನ ಒಡವೆಗಳನ್ನೆಲ್ಲ ತೆಗೆಸಿ, ತಮ್ಮ ಕೈಯಿಂದಲೇ ನನ್ನ ಕಿವಿಯ ಹಿಂದೆ, ಕುತ್ತಿಗೆ, ಕೂದಲು ಎಲ್ಲ ಸವರಿ ನೋಡಿದರು. ಯಾಕೆ ಇಷ್ಟು ಎಂದು ಕೇಳಿದೆ. ಆಮೇಲೆ ಚಿತ್ರ ಸರಿಯಿಲ್ಲ ಎಂದು ಯಾರೂ ಹೇಳಬಾರದು ಎಂದರು. ಒಂದು ಚಿತ್ರವನ್ನು ಪಕ್ಕದಿಂದ ತೆಗೆದರು. ಇನ್ನೊಂದನ್ನು, ಮೂಗು ಮತ್ತು ಹಣೆಯನ್ನು ತಟ್ಟೆಗೆ ಒತ್ತಿ ನಿಲ್ಲಿಸಿ, ತಲೆಯ ಹಿಂದಿನಿಂದ ತೆಗೆದರು.

ಹತ್ತು ನಿಮಿಷದ ನಂತರ ಅವರೇ ನನ್ನನ್ನು ಒಳಗೆ ಕರೆದು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಪಕ್ಕದಿಂದ ತೆಗೆದದ್ದರಲ್ಲಿ ಬಿಳಿ ಗೆರೆ ಮೂಳೆಯ ಮೇಲೆಯೇ ಇರುವ ಹಾಗೆ ಕಾಣುತ್ತಿತ್ತು. ತಲೆಯ ಹಿಂದಿನಿಂದ ತೆಗೆದದ್ದರಲ್ಲಿ ಅದು ಮೂಳೆಯಿಂದ ಬಿಟ್ಟು ಗಂಟಲಿನ ಕಡೆಗೆ ಇತ್ತು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಸುತ್ತೇನೆ. "ನೋಡು ತಲ್ಲಿ, ಒಂದೇ ಫೋಟೋ ನೋಡಿ ಏನೂ ಹೇಳಕ್ಕಾಗಲ್ಲ. ಬಾಗಿಲ ಮುಂದೆ ನಿಂತಿರೋನು ಎದುರಿಂದ ನೋಡಿದ್ರೆ ಬಾಗಿಲಿಗೆ ಅಂಟ್ಕೊಂಡಂಗೇ ಕಾಣ್ತಾನೆ. ಪಕ್ಕಕ್ಕೆ ಬಂದು ನೋಡಿದ್ರೆ ತಾನೆ ಎಷ್ಟು ದೂರ ಅವ್ನೆ ಅಂತ ಗೊತ್ತಾಗೋದು? ಅದಕ್ಕೇ ಎರಡು ಕಡೆಯಿಂದ ತೆಗೀತೀವಿ." ನಾನು ಮೂಗುಬೊಟ್ಟಿನ ವಿಷಯ ಹೇಳಿದೆ. ಮೂಗುಬೊಟ್ಟು ಇದ್ದರೆ ಅದು ಮೂಗಿನ ಹತ್ತಿರ, ನಡುವೆಯೇ ಕಾಣುತ್ತದೆ ಎಂದರು. "ಆ ತಿರುಗೋ ಯಂತ್ರದ ಫೋಟೋದಲ್ಲಿ ಓಲೆ ನೆರಳಾದ್ರೆ ಆ ಕಿವೀದು ಈ ಕಡೆ ಬೀಳ್ತದೆ, ಇನ್ನೂ ಮೇಲಕ್ಕೆ, ಮಬ್ಬಾಗಿ. ಇದು ನೋಡು, ಅಂಚು ಕೊಯ್ದಂಗೈತೆ." ಅಳತೆ ಮಾಡಿ ಉದ್ದ 17 ಮಿಲಿಮೀಟರ್, ಮೂಳೆಯಿಂದ ಒಳಕ್ಕೆ 6 ಮಿಲಿಮೀಟರ್ ಎಂದರು. ಇದು ಏನು ಎಂದು ಹೇಳುವ ಅಧಿಕಾರ ತಮಗಿಲ್ಲ, ಡಾಕ್ಟರ್ ಬರೆಯುತ್ತಾರೆ ಎಂದೂ ಹೇಳಿದರು. ಹೇಳಿ, ನನಗೆ ಕುಡಿಯಲು ನೀರು ಕೊಟ್ಟರು. ನಾನು ಅಲ್ಲೇ ಅತ್ತುಬಿಟ್ಟೆ. ಇದು ಹೇಳಿಕೆಗೆ ಬೇಕಾಗಿಲ್ಲ ಎಂದು ತಾವು ಹೇಳಿದರೂ ಬರೆಯಿರಿ ಎಂದು ಕೇಳಿಕೊಂಡಿದ್ದೇನೆ. ನೋವಿಗೆ ಅಳಲಿಲ್ಲ. ನೂರು ದಿನದಲ್ಲಿ ಮೊದಲ ಬಾರಿಗೆ ಒಬ್ಬರು ನಾನು ನೋಡಿದ್ದನ್ನೇ ನೋಡಿದ್ದರು.

29-05-2024ರಂದು ಅದೇ ಆಸ್ಪತ್ರೆಯಲ್ಲಿ ದವಡೆಯ ಆಪರೇಷನ್ ಮಾಡುವ ಡಾಕ್ಟರ್ ನೋಡಿದರು. ಆ ದಿನ ನನ್ನ ಗಂಡನೂ ಜೊತೆಗಿದ್ದರು. ಮುರಿದ ಸೂಜಿಯ ತುಂಡು ಎಂದು ಡಾಕ್ಟರ್ ಹೇಳಿದರು. ಮಾಂಸದಲ್ಲಿ ಇರುವುದರಿಂದ ಅದು ಜರುಗಬಹುದು, ಹತ್ತಿರದಲ್ಲೇ ದೊಡ್ಡ ರಕ್ತನಾಳ ಇದೆ, ಮಾಲೂರಿನಲ್ಲಿ ತೆಗೆದ ಹಳೆಯ ಫಿಲಂ ತಂದರೆ ತಾವೂ ಅದೇ ಬಗೆಯ ಚಿತ್ರ ತೆಗೆದು ಹೋಲಿಸಿ, ಎಷ್ಟು ಜರುಗಿದೆ, ಎಷ್ಟು ಬೇಗ ತೆಗೆಯಬೇಕು ಎಂದು ತೀರ್ಮಾನಿಸಬಹುದು ಎಂದರು. ನನ್ನ ಗಂಡ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತರು. "ತಪ್ಪಾಯ್ತು ಕಣೇ" ಎಂದರು. 

ಹಳೆಯ ಫಿಲಂ ಕೇಳಲು 31-05-2024ರಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರ್ ಊರಲ್ಲಿಲ್ಲ ಎಂದರು. 05-06-2024ರಂದು ಹೋದೆ. ಹುಡುಕಿ ಇಡುತ್ತೇವೆ ಎಂದರು. 11-06-2024ರಂದು ಹೋದಾಗ ಡಾಕ್ಟರ್ ಇದ್ದರು. ಹಳೆಯ ಫಿಲಂಗಳನ್ನು ಎರಡು ತಿಂಗಳಿಗೆ ಒಮ್ಮೆ ಎಸೆಯುತ್ತೇವೆ, ನಿಮ್ಮದೂ ಹೋಗಿರಬೇಕು ಎಂದರು. ಕೋಲಾರದಲ್ಲಿ ಸೂಜಿ ಎಂದು ಬರೆದುಕೊಟ್ಟಿದ್ದಾರೆ ಎಂದು ಕಾಗದ ತೋರಿಸಿದೆ. ಅವರು ಕಾಗದ ಓದಿದರು. ಅವರ ಮುಖ ಬಿಳಿಚಿಕೊಂಡದ್ದನ್ನು ನೋಡಿದೆ. ಒಂದು ಕ್ಷಣ ನಿಜ ಹೇಳುತ್ತಾರೆ ಎಂದುಕೊಂಡೆ. ಬೇರೆ ಯಾರೋ ಹಾಕಿದ ಸೂಜಿ ಇರಬಹುದು ಎಂದರು. ನನಗೆ ದವಡೆಯಲ್ಲಿ ಬೇರೆ ಯಾರೂ ಯಾವತ್ತೂ ಸೂಜಿ ಹಾಕಿಲ್ಲ.

ನಿನ್ನೆ 20-06-2024ರ ಗುರುವಾರ ಮಧ್ಯಾಹ್ನ 12.10ಕ್ಕೆ ನಾಲ್ಕನೇ ಬಾರಿ ಹೋದೆ. ಡಾಕ್ಟರ್ ಒಳಗೆ ಒಬ್ಬರ ಹಲ್ಲು ನೋಡುತ್ತಿದ್ದರು. ಚಂದ್ರಕಲಾ ಅವರು ಮುಂದಿನ ಮೇಜಿನಲ್ಲಿದ್ದರು. ಫಿಲಂ ಕೇಳಿದೆ. ಅವರು ಎದ್ದು ಕಬ್ಬಿಣದ ಬೀರುವಿನ ಕೆಳಗಿನ ಖಾನೆಯಿಂದ ಕೆಲವು ಕವರುಗಳನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಮೇಲಿನ ಕವರಿನಲ್ಲಿ ನನ್ನ ಹೆಸರಿತ್ತು. ಅವರು ತಿರುಗಿ ಕೈ ತೊಳೆಯುವ ತೊಟ್ಟಿಯ ಹತ್ತಿರ ಹೋಗಿ ನಲ್ಲಿ ಬಿಟ್ಟರು. ನಾನು ಕವರು ತೆಗೆದುಕೊಂಡೆ. ಅವರೇ ಕೊಟ್ಟರೇ ಎಂದು ತಾವು ಕೇಳಿದಿರಿ. ಕೊಡಲಿಲ್ಲ, ನಾನೇ ತೆಗೆದುಕೊಂಡೆ. ಅವರಿಗೂ ನನಗೂ ಆಗ ಸುಮಾರು ಎಂಟು ಅಡಿ ದೂರ ಇತ್ತು. ಎಂಟು ಅಡಿಯಿಂದ ಯಾರನ್ನೂ ತಳ್ಳಲು ಆಗುವುದಿಲ್ಲ.

ಬಾಗಿಲು ದಾಟುವಾಗ ಡಾಕ್ಟರ್ ಹೊರಗೆ ಬಂದು, "ಏಯ್, ಅದು ಕ್ಲಿನಿಕ್ ಪ್ರಾಪರ್ಟಿ, ಇಟ್ಟೋಗು" ಎಂದು ಕೂಗಿದರು. ನಾನು "ದವಡೆ ನಂದು ಸಾರ್" ಎಂದೆ. ಬಾಯಿ ತೆರೆಯದ ಕಾರಣ ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ನಡೆದುಕೊಂಡೇ ಬಸ್ ನಿಲ್ದಾಣಕ್ಕೆ ಬಂದೆ. ಓಡಲಿಲ್ಲ. 12.40ರ ಬಸ್ ಹತ್ತಿದೆ.

ಕವರನ್ನು ಈಗ ತಮ್ಮ ಮುಂದೆ ಇಟ್ಟಿದ್ದೇನೆ. ಒಳಗೆ 18-03 ಮತ್ತು 15-04ರ ಎರಡು ಫಿಲಂ ಇವೆ. ಕಳವಿನ ದೂರು ಇರುವುದರಿಂದ ಇವನ್ನು ವಶಕ್ಕೆ ತೆಗೆದುಕೊಳ್ಳಬೇಕಾಗುತ್ತದೆ ಎಂದು ತಾವು ಹೇಳಿದಿರಿ. ಕೋಲಾರದ ಡಾಕ್ಟರಿಗೆ ತೋರಿಸುವ ತನಕ ನಾನು ಬಿಟ್ಟುಕೊಡುವುದಿಲ್ಲ, ಇಲ್ಲೇ ಕೂರುತ್ತೇನೆ ಎಂದು ಹೇಳಿದ್ದೇನೆ. ತಾವು ಫಿಲಂಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಗೆರೆ ಎಲ್ಲಿ ಎಂದು ಕೇಳಿದಿರಿ. ತೋರಿಸಿದ್ದೇನೆ. ತಾವು ಅವುಗಳ ಫೋಟೋ ತೆಗೆದುಕೊಂಡು, ಕೇಳಿದಾಗ ತಂದು ಹಾಜರುಪಡಿಸುವುದಾಗಿ ನನ್ನಿಂದ ಮುಚ್ಚಳಿಕೆ ಬರೆಸಿಕೊಂಡು ಫಿಲಂಗಳನ್ನು ನನಗೆ ಕೊಟ್ಟಿದ್ದೀರಿ.

ಓದಿ ಹೇಳಿದ್ದನ್ನು ಕೇಳಿ ಸಹಿ ಮಾಡಿದ್ದೇನೆ.

ಮಾಲೂರು, 21-06-2024
(ಸಹಿ) ಮುನಿಲಕ್ಷ್ಮಿ

ಅದೇ ಮುನಿಲಕ್ಷ್ಮಿಯವರ ಮುಂದುವರಿದ ಹೇಳಿಕೆ, ದಿನಾಂಕ 05-07-2024, ಶುಕ್ರವಾರ, ಮಧ್ಯಾಹ್ನ 12.30

ನಾನು ಈ ಹಿಂದೆ ಹೇಳಿಕೆ ಕೊಟ್ಟ ಮಾರನೇ ದಿನವೇ ಕೋಲಾರಕ್ಕೆ ಹೋಗಿ ಹಳೆಯ ಫಿಲಂಗಳನ್ನು ಡಾಕ್ಟರಿಗೆ ಕೊಟ್ಟೆ. ಅಲ್ಲಿ ಅದೇ ಬಗೆಯ ಹೊಸ ಚಿತ್ರ ತೆಗೆದು ಜೊತೆಗಿಟ್ಟು ಅಳೆದರು. ಮಾರ್ಚ್ ತಿಂಗಳಿನಿಂದ ಸೂಜಿ ಸುಮಾರು 4 ಮಿಲಿಮೀಟರ್ ಮೇಲಕ್ಕೆ, ಹಿಂದಕ್ಕೆ ಜರುಗಿದೆ, ಇನ್ನು ಕಾಯುವುದು ಬೇಡ ಎಂದರು.

27-06-2024ರ ಗುರುವಾರ ಬೆಳಿಗ್ಗೆ 9.30ಕ್ಕೆ ಆಪರೇಷನ್ ಆಯಿತು. ಗುರುತಿಗೆಂದು ಹೊರಗಿನಿಂದ ಎರಡು ಸೂಜಿ ನಿಲ್ಲಿಸಿ, ಮತ್ತೆ ಪಕ್ಕದಿಂದ ಒಂದು ಎದುರಿನಿಂದ ಒಂದು ಚಿತ್ರ ತೆಗೆದು, ಗುರುತಿನಿಂದ ಎಷ್ಟು ದೂರ ಎಂದು ನೋಡಿಕೊಂಡು ಒಳಗೆ ಹುಡುಕಿದ್ದಾಗಿ ಡಾಕ್ಟರ್ ಆಮೇಲೆ ಹೇಳಿದರು. ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು. ಎಚ್ಚರವಾದ ಮೇಲೆ ಸಣ್ಣ ಬಾಟಲಿಯಲ್ಲಿ ಸೂಜಿಯನ್ನು ತೋರಿಸಿದರು. ಕೂದಲಿಗಿಂತ ಸ್ವಲ್ಪ ದಪ್ಪ, ತುದಿ ಸೊಟ್ಟಗಿದೆ. ಇಷ್ಟು ಸಣ್ಣದು ಎಂದು ನನಗೆ ಸಿಟ್ಟು ಬಂತು. ಬಾಟಲಿಯನ್ನು ಆಸ್ಪತ್ರೆಯವರ ಮೊಹರಿನ ಸಮೇತ ಈ ದಿನ ತಮಗೆ ಒಪ್ಪಿಸಿದ್ದೇನೆ. ಈಗ ಬಾಯಿ ಎರಡು ಬೆರಳಿನಷ್ಟು ತೆರೆಯುತ್ತದೆ.

02-07-2024ರ ಮಂಗಳವಾರ ಬೆಳಿಗ್ಗೆ 10 ಗಂಟೆಗೆ ಡಾಕ್ಟರ್ ಚಂದ್ರಮೋಹನ್ ಅವರು ಕಾರಿನಲ್ಲಿ ನಮ್ಮ ಮನೆಗೆ ಬಂದರು. ಹಣ್ಣು ತಂದಿದ್ದರು. ತಮ್ಮ ದೂರನ್ನು ವಾಪಸ್ ತೆಗೆದುಕೊಳ್ಳುತ್ತೇನೆ, ನೀವೂ ಏನೂ ತಕರಾರಿಲ್ಲ ಎಂದು ಒಂದು ಕಾಗದಕ್ಕೆ ಸಹಿ ಮಾಡಿ ಎಂದರು. ಸೂಜಿ ಮುರಿಯುವುದು ಯಾರ ಕೈಯಲ್ಲಾದರೂ ಆಗಬಹುದು ಎಂದರು. ನಾನು ಅದಕ್ಕೆ, ಮುರಿದದ್ದಕ್ಕೆ ನಾನು ನಿಮ್ಮ ಮೇಲೆ ಏನೂ ಹೇಳುವುದಿಲ್ಲ, ಮುರಿದ ದಿನವೇ ಹೇಳಿದ್ದರೆ ಆ ವಾರವೇ ತೆಗೆಸಿಕೊಳ್ಳುತ್ತಿದ್ದೆ, ನೀವು ಹೇಳಲಿಲ್ಲ, ನನ್ನನ್ನು ಹುಚ್ಚಿ ಮಾಡಿದಿರಿ ಎಂದೆ. ಮುರಿದದ್ದು ಆ ದಿನವೇ ಗೊತ್ತಿತ್ತು ಎಂದು ನೀವು ಬರೆದು ಸಹಿ ಮಾಡಿಕೊಡಿ, ನಿಮ್ಮ ಕಾಗದಕ್ಕೆ ಈಗಲೇ ಸಹಿ ಮಾಡುತ್ತೇನೆ ಎಂದೆ. "ಬರೆದುಕೊಟ್ರೆ ನನ್ ಕತೆ ಮುಗೀತಮ್ಮ" ಎಂದರು. ಒಳಗಿನಿಂದ ನನ್ನ ಅತ್ತೆ ಬಂದು, "ನಮ್ ಹುಡುಗಿ ಕತೆ ಮುಗೀತಿತ್ತಲ್ಲಪ್ಪ, ಆಗ ಎಲ್ಲೋಗಿದ್ದೆ?" ಎಂದು ಕೇಳಿ ಹಣ್ಣಿನ ಚೀಲವನ್ನು ಅವರ ಕಾರಿನಲ್ಲಿ ಇಟ್ಟುಬಂದರು.

ಸೂಜಿ ಮುರಿದದ್ದನ್ನು ಕಂಡವರು ಯಾರಾದರೂ ಇದ್ದಾರೆಯೇ ಎಂದು ತಾವು ಕೇಳಿದಿರಿ. ನಾನು ಯಾರನ್ನೂ ಸಾಕ್ಷಿಗೆ ಎಳೆಯಬಾರದು ಎಂದುಕೊಂಡೇ ಬಂದಿದ್ದೆ. ಆದರೆ ಈ ದಿನ ಬೆಳಿಗ್ಗೆ ಠಾಣೆಗೆ ಬಂದಾಗ ಚಂದ್ರಕಲಾ ಅವರು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ನಾನು ಕರೆದಿರಲಿಲ್ಲ. ನಾನು ತನ್ನನ್ನು ತಳ್ಳಿದೆನೆಂದು ಡಾಕ್ಟರ್ ಬರೆದ ಕಾಗದಕ್ಕೆ ಸಹಿ ಮಾಡಲು ಒಪ್ಪದ್ದಕ್ಕೆ ಕೆಲಸ ಬಿಡಿಸಿದ್ದಾರೆ ಎಂದರು. ಆಮೇಲೆ, "ಅಕ್ಕ, ಅವತ್ತು ರೂಮಲ್ಲಿ ಮಿಕ್ಕಿದ ಸೂಜೀನ ನಾನೇ ಕೈಯಲ್ಲಿ ಹಿಡ್ಕೊಂಡಿದ್ದೆ. ಅರ್ಧ ಇತ್ತು" ಎಂದರು. ಐದು ತಿಂಗಳು ಯಾಕೆ ಹೇಳಲಿಲ್ಲ ಎಂದು ಕೇಳಲು ಬಾಯಿಗೆ ಬಂತು. ಕೇಳಲಿಲ್ಲ. ಅವರ ಪಕ್ಕದಲ್ಲಿ ಕುಳಿತುಕೊಂಡೆ. ಅವರು ಇನ್ನೂ ಹೊರಗೇ ಇದ್ದಾರೆ. ನನ್ನದು ಮುಗಿದ ತಕ್ಷಣ ಅವರ ಹೇಳಿಕೆಯನ್ನೂ ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಡಾಕ್ಟರ್ ಚಂದ್ರಮೋಹನ್ ಅವರ ಮೇಲೆ ನಾನು ದೂರು ಕೊಡುತ್ತಿದ್ದೇನೆ. ಮೊದಲು ಇದನ್ನು ವೈದ್ಯಕೀಯ ತಜ್ಞರ ಅಭಿಪ್ರಾಯಕ್ಕೆ ಕಳುಹಿಸಬೇಕು, ತಿಂಗಳುಗಟ್ಟಲೆ ಆಗಬಹುದು ಎಂದು ತಾವು ತಿಳಿಸಿದಿರಿ. ಆಗಲಿ. ಎಷ್ಟು ಸಾರಿ ಕರೆದರೂ ಬರುತ್ತೇನೆ. ಬೆಳಿಗ್ಗೆ 8ರ ಮೇಲೆ, ಸಂಜೆ 5ರ ಒಳಗೆ ಕರೆಯಬೇಕೆಂದು ಮಾತ್ರ ಕೋರುತ್ತೇನೆ.

ಮೇಲಿನದನ್ನು ನನಗೆ ಓದಿ ಹೇಳಿದರು, ನಾನೂ ಒಮ್ಮೆ ಓದಿಕೊಂಡೆ. ಒಂದು ಕಡೆ ಬಿಟ್ಟು ಎಲ್ಲವೂ ನಾನು ಹೇಳಿದಂತೆಯೇ ಇತ್ತು. ಬಾಟಲಿಯಲ್ಲಿರುವುದನ್ನು "ಸೂಜಿಯಂತಹ ವಸ್ತು" ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿಸಿ "ಸೂಜಿ" ಎಂದು ಬರೆಸಿ, ಪಕ್ಕದಲ್ಲಿ ಸಹಿ ಹಾಕಿದ್ದೇನೆ.

ಮಾಲೂರು, 05-07-2024
(ಸಹಿ) ಮುನಿಲಕ್ಷ್ಮಿ